ಹಡಗಿನ ಶಾಲೆಯೂ ಮುಂದಾಳುತನವೂ

‘ಆಳಾಗಬಲ್ಲವನು ಅರಸನಾಗಬಲ್ಲನು’ ಎಂಬುದು ನಮ್ಮ ಹಿರಿಯರ ನುಡಿ. ಮೊದಲು ಹೇಳಿದಂತೆ ಕೇಳುವುದನ್ನು ಕಲಿ, ಆಮೇಲೆ ಹೇಳುವ ಅಧಿಕಾರ ತಾನಾಗಿಯೇ ಬರುತ್ತದೆ ಎಂಬುದು ಇದರ ಇಂಗಿತ. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಮುಂದಾಳುತನದ ವಿಷಯವಾಗಿ ಮಾತನಾಡುವವರೆಲ್ಲರೂ ಈ ನುಡಿಯನ್ನು ಒಂದಲ್ಲ ಒಂದು ರೂಪದಲ್ಲಿ ನಮಗೆ ಕೇಳಿಸುವುದುಂಟು. ಇದರಲ್ಲಿ ಸತ್ಯವಿದೆ, ಆದರೆ ಪೂರ್ಣಸತ್ಯವಿದೆಯೆ? ಹೇಳಿದಂತೆ ಕೇಳುವುದೊಂದನ್ನೇ ಕಲಿತವನು ಮುಂದಾಳಾಗುವನೆ, ಅಥವಾ ಜೀವಮಾನವೆಲ್ಲ ಹೇಳಿಸಿಕೊಳ್ಳುವವನಾಗಿಯೇ ಉಳಿಯುವನೆ? ಈ ಪ್ರಶ್ನೆಯನ್ನು ಒರೆಗೆ ಹಚ್ಚಿ ನೋಡುವುದಕ್ಕೆ ಹಡಗಿನ ಅಧಿಕಾರಿಗಳನ್ನು ತಯಾರಿಸುವ ವಿದ್ಯಾಲಯಕ್ಕಿಂತ ಯೋಗ್ಯವಾದ ಸ್ಥಳ ಬೇರೊಂದಿಲ್ಲವೆಂದು ನನ್ನ ಭಾವನೆ. ಏಕೆಂದರೆ ಶಿಸ್ತು ಅಲ್ಲಿರುವಷ್ಟು ಬಿಗಿಯಾಗಿ ಬೇರೆ ವಿದ್ಯಾಲಯಗಳಲ್ಲಿಲ್ಲ; ಆ ಶಿಸ್ತಿನ ಬೆಲೆಯನ್ನು ಸಮುದ್ರವು ಪರೀಕ್ಷಿಸುವಷ್ಟು ನಿಷ್ಠುರವಾಗಿ ಬೇರಾವ ಪರೀಕ್ಷಕನೂ ಪರೀಕ್ಷಿಸುವುದಿಲ್ಲ.

ಮುಂಬಯಿಯ ವಿದ್ಯಾರ್ಥಿಗಳಾದ ನಮಗೆ ಈ ವಿಷಯವು ದೂರದ್ದಲ್ಲ. ಭಾರತದ ತರುಣರಿಗೆ ಹಡಗನ್ನು ನಡೆಸುವ ವಿದ್ಯೆಯನ್ನು ಕಲಿಸಿದ ಮೊದಲ ಶಾಲೆಯು ಈ ನಗರದ ಮಡಿಲಲ್ಲಿಯೇ, ಮಝಗಾಂವ್‌ನ ಎದುರಿಗೆ, ನೀರಿನ ಮೇಲೆ ತೇಲುತ್ತಿತ್ತು. ಅದರ ಹೆಸರು ‘ಡಫರಿನ್’. ಆ ಶಾಲೆ ಹುಟ್ಟಿದ ಕಥೆಯೂ ಕೇಳತಕ್ಕದ್ದು. 1919ನೆಯ ಇಸವಿಯ ಏಪ್ರಿಲ್ 5ರಂದು ಸಿಂಧಿಯಾ ಕಂಪನಿಯ ‘ಲಾಯಲ್ಟಿ’ ಎಂಬ ಹಡಗು ಮುಂಬಯಿಯಿಂದ ಲಂಡನ್ನಿನತ್ತ ಹೊರಟಿತು. ವಾಲಚಂದ ಹೀರಾಚಂದರೂ ನರೋತ್ತಮ ಮೊರಾರ್ಜಿಯವರೂ ಮುಂದಾಗಿ ನಿಂತು ಕಟ್ಟಿದ ಕಂಪನಿ ಅದು. ಆ ದಿನದ ನೆನಪಿಗಾಗಿ 1964ರಿಂದ ಏಪ್ರಿಲ್ 5ನ್ನು ರಾಷ್ಟ್ರೀಯ ಸಾಗರ ದಿನವೆಂದು ಆಚರಿಸಲಾಗುತ್ತಿದೆ. ಹಡಗೇನೋ ನಮ್ಮದಾಯಿತು, ಆದರೆ ಅದರ ಮೇಲೆ ನಿಂತು ಆಜ್ಞೆ ಕೊಡುವ ಅಧಿಕಾರಿಗಳು? ಪರದೇಶದ ಹಡಗುಗಳಲ್ಲಿ ಖಲಾಸಿಗಳಾಗಿ, ಕಲ್ಲಿದ್ದಲು ತುಂಬುವವರಾಗಿ, ಅಡಿಗೆಯವರಾಗಿ ದುಡಿಯುತ್ತಿದ್ದ ಭಾರತೀಯರು ಸಹಸ್ರಾರು ಮಂದಿ ಇದ್ದರು. ಅಧಿಕಾರಿಯಾಗುವ ಶಿಕ್ಷಣ ಮಾತ್ರ ಅವರಿಗೆ ತಮ್ಮ ದೇಶದಲ್ಲಿ ಎಲ್ಲಿಯೂ ದೊರೆಯುತ್ತಿರಲಿಲ್ಲ. 1922ರಲ್ಲಿ ಸರ್ ಪಿ. ಎಸ್. ಶಿವಸ್ವಾಮಿ ಅಯ್ಯರ್ ಅವರು ಕೇಂದ್ರ ಶಾಸನಸಭೆಯಲ್ಲಿ ಈ ಪ್ರಶ್ನೆಯನ್ನೆತ್ತಿದರು. ಮರುವರ್ಷ ಒಂದು ಸಮಿತಿ ನೇಮಕವಾಯಿತು. 1927ರಲ್ಲಿ ಡಫರಿನ್ ಹಡಗಿನ ಮೇಲೆ ಮೊದಲ ತಂಡದ ಕೆಡೆಟ್ಟರು ಪಾದವಿಟ್ಟರು.

ಆ ಮೊದಲ ತಂಡದಲ್ಲಿದ್ದ ಹುಡುಗರಲ್ಲಿ ಒಬ್ಬರಾದ ರಾಮದಾಸ ಕಟಾರಿಯವರು ಮುಂದೆ 1958ರಲ್ಲಿ ಭಾರತೀಯ ನೌಕಾಪಡೆಯ ಪ್ರಥಮ ಭಾರತೀಯ ಮುಖ್ಯಸ್ಥರಾದರು. 1935ರಿಂದ ಎಂಜಿನ್ನಿನ ವಿದ್ಯೆಯನ್ನೂ ಡಫರಿನ್‌ನಲ್ಲಿ ಕಲಿಸತೊಡಗಿದರು. ಹಳೆಯದಾದ ಆ ಹಡಗಿನ ಸ್ಥಾನಕ್ಕೆ 1972ರಲ್ಲಿ ‘ರಾಜೇಂದ್ರ’ ಬಂದಿತು. 1993ರಲ್ಲಿ ಶಾಲೆಯು ನೀರಿನಿಂದ ನೆಲಕ್ಕೆ ಏರಿ, ನವಿ ಮುಂಬಯಿಯ ಕರಾವೆಯಲ್ಲಿ ‘ಚಾಣಕ್ಯ’ ಎಂಬ ಹೆಸರಿನಿಂದ ನೆಲೆಗೊಂಡಿತು. 2008ರಲ್ಲಿ ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯು ಸ್ಥಾಪನೆಯಾದಾಗ ಅದರ ಅಂಗವಾಯಿತು. ಈ ಚರಿತ್ರೆಯನ್ನು ಹೇಳಿದುದಕ್ಕೆ ಕಾರಣವಿದೆ. ನಮ್ಮ ದೇಶದಲ್ಲಿ ಹಡಗಿನ ಶಾಲೆಯು ಹುಟ್ಟಿದುದು, ‘ಹೇಳಿದ ಕೆಲಸ ಮಾಡಬಲ್ಲೆವು’ ಎಂದು ತೋರಿಸುವುದಕ್ಕಲ್ಲ. ಅದನ್ನು ಆ ಖಲಾಸಿಗಳು ಎಂದೋ ತೋರಿಸಿದ್ದರು. ‘ಹೊಣೆಯನ್ನು ಹೊರಬಲ್ಲೆವು, ನಿರ್ಣಯವನ್ನು ಕೈಗೊಳ್ಳಬಲ್ಲೆವು’ ಎಂದು ತೋರಿಸುವುದಕ್ಕಾಗಿ ಅದು ಹುಟ್ಟಿತು. ಈ ಮಾತನ್ನು ಮರೆತರೆ ಅಲ್ಲಿಯ ಶಿಸ್ತಿನ ಅರ್ಥವನ್ನೇ ಮರೆತಂತೆ.

ಕೆಡೆಟ್ಟನ ದಿನಚರಿಯನ್ನು ಹೊರಗಿನಿಂದ ನೋಡಿದವರಿಗೆ ಅದು ಬರಿಯ ಕಟ್ಟುಕಟ್ಟಳೆಗಳ ಸಂತೆಯಂತೆ ತೋರಬಹುದು. ಬೆಳಕು ಹರಿಯುವ ಮುನ್ನವೇ ಏಳಬೇಕು. ವ್ಯಾಯಾಮ, ಕವಾಯತು, ಧ್ವಜವಂದನೆ ಆಗಬೇಕು. ಹಾಸಿಗೆಯನ್ನು ಮಡಿಸಿದ ಬಗೆ, ಪಾದರಕ್ಷೆಯ ಹೊಳಪು, ಸಮವಸ್ತ್ರದ ಗುಂಡಿ, ಇವೆಲ್ಲವೂ ತನಿಖೆಗೊಳಗಾಗುತ್ತವೆ. ಹಗಲೆಲ್ಲ ಗಣಿತ, ಭೌತಶಾಸ್ತ್ರ, ನೌಕಾಯಾನ ಶಾಸ್ತ್ರ, ಹವಾಮಾನ ಶಾಸ್ತ್ರಗಳ ಪಾಠ. ನಡುನಡುವೆ ಈಜು, ದೋಣಿಗೆ ಹುಟ್ಟು ಹಾಕುವುದು, ಹಗ್ಗದ ಗಂಟುಗಳ ಅಭ್ಯಾಸ. ಶಾಲೆಯ ಪಾಠ ಮುಗಿದ ಮೇಲೆ ಹಡಗಿನ ಮೇಲೆ ತಿಂಗಳುಗಟ್ಟಲೆ ದುಡಿಯಬೇಕು. ಅಲ್ಲಿ ಅವನು ಇನ್ನೂ ಅಧಿಕಾರಿಯಲ್ಲ. ಡೆಕ್ಕಿನ ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು, ಬಂದರಿನಲ್ಲಿ ಹಗ್ಗ ಎಳೆಯುವುದು, ರಾತ್ರಿಯ ಕಾವಲಿನಲ್ಲಿ ಕಣ್ಣಿಟ್ಟು ನಿಲ್ಲುವುದು ಅವನ ಪಾಲಿನ ಕೆಲಸಗಳು. ಹಡಗಿನ ದಿನವು ನಾಲ್ಕು ನಾಲ್ಕು ಗಂಟೆಗಳ ಕಾವಲುಗಳಾಗಿ ಹಂಚಿಹೋಗಿರುತ್ತದೆ. ನಡುರಾತ್ರಿ ಹನ್ನೆರಡರಿಂದ ನಾಲ್ಕರವರೆಗೆ ಎಚ್ಚತ್ತಿರುವವನೊಬ್ಬನಿರುವುದರಿಂದಲೇ ಉಳಿದವರು ನಿದ್ರಿಸಲು ಸಾಧ್ಯ.

ಈ ಕಷ್ಟಕ್ಕೆ ಅರ್ಥವಿದೆಯೆ ಎಂದು ಕೇಳುವವರಿಗೆ ನಾನು ಇದೆಯೆಂದೇ ಹೇಳುವೆನು. ಒಂದು ಸಣ್ಣ ಉದಾಹರಣೆಯನ್ನು ನೋಡಿರಿ. ಹಡಗಿನ ಒಡಲಲ್ಲಿ ಸಮತೋಲಕ್ಕಾಗಿ ನೀರನ್ನು ತುಂಬಿಡುವ ತೊಟ್ಟಿಗಳಿರುತ್ತವೆ. ಅವುಗಳಲ್ಲಿ ನೀರು ಎಷ್ಟಿದೆಯೆಂದು ಅಳತೆಯ ಪಟ್ಟಿಯನ್ನು ಇಳಿಬಿಟ್ಟು ನೋಡಿ ಬರೆದಿಡುವ ಕೆಲಸ ಅನೇಕ ವೇಳೆ ಕೆಡೆಟ್ಟನ ಪಾಲಿಗೆ ಬರುತ್ತದೆ. ಮಳೆ ಸುರಿಯುತ್ತಿದೆ, ಹಡಗು ಹೊಯ್ದಾಡುತ್ತಿದೆ, ಮೈ ದಣಿದಿದೆ. ನಿನ್ನೆಯ ಅಂಕಿಯನ್ನೇ ಇಂದೂ ಬರೆದುಬಿಟ್ಟರೆ ಯಾರು ನೋಡಬಂದಾರು? ಯಾರೂ ನೋಡುವುದಿಲ್ಲ, ನಿಜ. ಆದರೆ ಆ ಅಂಕಿಯನ್ನು ನಂಬಿ ಮೇಲಿನ ಅಧಿಕಾರಿಯು ಹಡಗಿನ ಸಮತೋಲದ ಲೆಕ್ಕವನ್ನು ಮಾಡುತ್ತಾನೆ. ಯಾರೂ ನೋಡದಿರುವಾಗಲೂ ಪಟ್ಟಿಯನ್ನು ಇಳಿಬಿಟ್ಟು ಅಳೆದು ಬರೆಯುವವನು ಮುಂದಾಳುತನದ ಮೊದಲ ಪಾಠವನ್ನು ಕಲಿತನು. ಬೆಳಗಿನ ತನಿಖೆಯಲ್ಲಿ ಗುಂಡಿಯ ಹೊಳಪನ್ನು ಕೇಳುವುದು ಗುಂಡಿಗಾಗಿ ಅಲ್ಲ. ಸಣ್ಣದನ್ನು ಸಣ್ಣದೆಂದು ಕಡೆಗಣಿಸದ ಅಭ್ಯಾಸಕ್ಕಾಗಿ. ಇಷ್ಟರಮಟ್ಟಿಗೆ ನಮ್ಮ ಗಾದೆಯ ಮಾತು ಸಂಪೂರ್ಣ ನಿಜ.

ಆದರೆ ಹಡಗಿನ ಮೇಲಿನ ವಿಧೇಯತೆಯು ಕುರಿಯ ವಿಧೇಯತೆಯಲ್ಲ. ಚುಕ್ಕಾಣಿ ಹಿಡಿದವನಿಗೆ ಅಧಿಕಾರಿಯು ಆಜ್ಞೆ ಕೊಡುವ ಕ್ರಮವನ್ನು ಗಮನಿಸಿದರೆ ಇದು ಸ್ಪಷ್ಟವಾಗುವುದು. ‘ಬಲಕ್ಕೆ ಹತ್ತು’ ಎಂದು ಅಧಿಕಾರಿಯು ಹೇಳಿದರೆ ಚುಕ್ಕಾಣಿಗನು ಮೌನವಾಗಿ ಚಕ್ರವನ್ನು ತಿರುಗಿಸುವಂತಿಲ್ಲ. ಅವನು ಆ ಮಾತನ್ನು ಗಟ್ಟಿಯಾಗಿ ಮರುನುಡಿಯಬೇಕು. ಚಕ್ರವನ್ನು ತಿರುಗಿಸಿ, ಚುಕ್ಕಾಣಿಯು ಅಲ್ಲಿಗೆ ತಲುಪಿದ ಮೇಲೆ ‘ಬಲಕ್ಕೆ ಹತ್ತು ಆಯಿತು’ ಎಂದು ತಿಳಿಸಬೇಕು. ಹೇಳಿದವನು ತಪ್ಪಿ ಹೇಳಿದ್ದರೆ ತನ್ನ ತಪ್ಪು ತನಗೇ ಕೇಳಿಸುತ್ತದೆ. ಕೇಳಿದವನು ತಪ್ಪಿ ಕೇಳಿದ್ದರೆ ಹೇಳಿದವನಿಗೆ ಗೊತ್ತಾಗುತ್ತದೆ. ಒಬ್ಬನ ಕಿವಿಯನ್ನೂ ಇನ್ನೊಬ್ಬನ ನಾಲಗೆಯನ್ನೂ ಸಂಪೂರ್ಣವಾಗಿ ನಂಬಕೂಡದೆಂಬ ವಿವೇಕವನ್ನು ನಾವಿಕರು ತಲೆತಲಾಂತರದಿಂದ ಗಳಿಸಿ ಈ ಪದ್ಧತಿಯಲ್ಲಿ ಅಡಕಗೊಳಿಸಿದ್ದಾರೆ. ಇಲ್ಲಿ ಮಾತನಾಡುವುದು ಅವಿಧೇಯತೆಯಲ್ಲ, ಮಾತನಾಡದಿರುವುದೇ ಅಪರಾಧ.

ಮಾತನಾಡದಿದ್ದರೆ ಏನಾಗುತ್ತದೆಂಬುದಕ್ಕೆ 1987ರ ಮಾರ್ಚ್ 6ರಂದು ಬೆಲ್ಜಿಯಮ್ಮಿನ ಝೀಬ್ರುಗ್ಗ ಬಂದರಿನ ಬಾಗಿಲಲ್ಲಿ ನಡೆದ ದುರಂತವೇ ಸಾಕ್ಷಿ. ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬುದು ಜನರನ್ನೂ ಮೋಟಾರು ವಾಹನಗಳನ್ನೂ ಇಂಗ್ಲೆಂಡಿಗೆ ಸಾಗಿಸುವ ಬ್ರಿಟಿಷ್ ಹಡಗು. ವಾಹನಗಳು ಒಳಸೇರುವುದಕ್ಕಾಗಿ ಅದರ ಮುಂಭಾಗದಲ್ಲಿ ದೊಡ್ಡ ಬಾಗಿಲುಗಳಿದ್ದವು. ಅಂದು ಆ ಬಾಗಿಲುಗಳು ತೆರೆದಂತೆಯೇ ಹಡಗು ಹೊರಟುಬಿಟ್ಟಿತು. ಬಂದರಿನಿಂದ ಹೊರಬಿದ್ದು ವೇಗವೇರುತ್ತಲೇ ನೀರು ಒಳನುಗ್ಗಿ, ಕೆಲವೇ ನಿಮಿಷಗಳಲ್ಲಿ ಹಡಗು ಮಗುಚಿಬಿದ್ದಿತು. 193 ಮಂದಿ ಪ್ರಾಣ ಕಳೆದುಕೊಂಡರು.

ಬಾಗಿಲು ಮುಚ್ಚಬೇಕಾದವನು ತನ್ನ ಕೋಣೆಯಲ್ಲಿ ನಿದ್ರೆಹೋಗಿದ್ದನು. ಆದರೆ ದುರಂತದ ಕಾರಣವು ಅವನ ನಿದ್ರೆಯೊಂದೇ ಅಲ್ಲ. ವಾಹನಗಳ ಅಂತಸ್ತಿನಿಂದ ಕೊನೆಗೆ ಹೊರಬಂದ ಮತ್ತೊಬ್ಬ ನೌಕರನು ಬಾಗಿಲು ತೆರೆದಿರುವುದನ್ನು ಕಂಡಿದ್ದನು. ಅದನ್ನು ಮುಚ್ಚುವುದು ತನ್ನ ಕೆಲಸವಲ್ಲವೆಂದು ಸುಮ್ಮನಾದನು. ಮೇಲ್ವಿಚಾರಣೆಯ ಅಧಿಕಾರಿಯು, ಮುಚ್ಚುವವನು ಬರುತ್ತಿದ್ದಾನೆಂದು ತಿಳಿದು ತನ್ನ ಮುಂದಿನ ಸ್ಥಾನಕ್ಕೆ ತೆರಳಿದನು. ಕಪ್ತಾನನಿಗೆ ತಾನು ನಿಂತ ಸ್ಥಳದಿಂದ ಬಾಗಿಲು ಕಾಣುತ್ತಿರಲಿಲ್ಲ. ಅಲ್ಲಿಯ ರೂಢಿಯಂತೆ, ಯಾರೂ ಏನೂ ಹೇಳದಿದ್ದರೆ ಎಲ್ಲವೂ ಸರಿಯಾಗಿದೆಯೆಂದು ಅರ್ಥ! ‘ಮೌನಂ ಸಮ್ಮತಿಲಕ್ಷಣಂ’ ಎಂಬ ಸೂಕ್ತಿಯು ಸಭೆಯಲ್ಲಿ ಸಲ್ಲಬಹುದು. ಸಮುದ್ರದಲ್ಲಿ ಅದು ಎಷ್ಟು ಭಯಂಕರವೆಂಬುದನ್ನು ಆ ಸಂಜೆ ತೋರಿಸಿತು. ಬಾಗಿಲು ಮುಚ್ಚಿದೆಯೆಂದು ತೋರಿಸುವ ದೀಪವೊಂದನ್ನು ಅಳವಡಿಸಬೇಕೆಂದು ಕೆಲವು ಕಪ್ತಾನರು ಮುಂಚೆಯೇ ಕೇಳಿದ್ದರೂ ಮೇಲಿನವರು ಅದನ್ನು ಮನ್ನಿಸಿರಲಿಲ್ಲ. ಅಂದರೆ ಕೆಳಗಿನವನು ಹೇಳಲಿಲ್ಲ; ಹೇಳಿದವರ ಮಾತನ್ನು ಮೇಲಿನವರು ಕೇಳಲಿಲ್ಲ. ಇಂಥ ದುರಂತಗಳ ಪಾಠದಿಂದಲೇ ಹಡಗುಗಳ ಸುರಕ್ಷಿತ ನಿರ್ವಹಣೆಗಾಗಿ ಅಂತರರಾಷ್ಟ್ರೀಯ ನಿಯಮಾವಳಿಯೊಂದು 1993ರಲ್ಲಿ ಅಂಗೀಕೃತವಾಗಿ 1998ರಿಂದ ಕಡ್ಡಾಯವಾಯಿತು. ಹಡಗಿನ ಅಧಿಕಾರಿಗಳ ಶಿಕ್ಷಣದ ಬಗೆಗಿನ 1978ರ ಒಪ್ಪಂದಕ್ಕೆ 2010ರಲ್ಲಿ ಮನಿಲಾದಲ್ಲಿ ತಿದ್ದುಪಡಿಯಾದಾಗ, ಮುಂದಾಳುತನವೂ ತಂಡದಲ್ಲಿ ಕೂಡಿ ದುಡಿಯುವುದೂ ಅಧಿಕಾರಿಯು ಕಲಿಯಲೇಬೇಕಾದ ವಿದ್ಯೆಗಳೆಂದು ಸೇರ್ಪಡೆಯಾದವು.

ಆದುದರಿಂದ ನನ್ನ ಅಭಿಪ್ರಾಯವಿದು: ಮುಂದಾಳುತನದ ಶಿಕ್ಷಣವೆಂದರೆ ಆಜ್ಞೆ ಮಾಡುವ ಗತ್ತನ್ನು ಕಲಿಸುವುದಲ್ಲ, ಕಂಡುದನ್ನು, ಹೇಳಬೇಕಾದವರಿಗೆ, ಹೇಳಬೇಕಾದ ಹೊತ್ತಿನಲ್ಲಿ, ಅಂಜದೆ ಹೇಳುವುದನ್ನು ಕಲಿಸುವುದು. ಅದರೊಡನೆ, ಕಿರಿಯನು ಹೇಳಿದಾಗ ಮೇಲಿನವನು ಕೇಳುವುದನ್ನೂ ಕಲಿಸುವುದು. ಈ ಎರಡರಲ್ಲಿ ಒಂದನ್ನು ಬಿಟ್ಟರೂ ಉಳಿದ ಕವಾಯತೆಲ್ಲ ವ್ಯರ್ಥ.

ಒಳ್ಳೆಯ ಕಪ್ತಾನರು ಇದನ್ನು ಬಲ್ಲರು. ರಾತ್ರಿ ಮಲಗುವ ಮುನ್ನ ಕಪ್ತಾನನು ಕಾವಲಿನ ಅಧಿಕಾರಿಗಳಿಗಾಗಿ ಪುಸ್ತಕವೊಂದರಲ್ಲಿ ಆಜ್ಞೆಗಳನ್ನು ಬರೆದಿಡುವ ಪದ್ಧತಿಯಿದೆ. ಅದರಲ್ಲಿ ಸಾಮಾನ್ಯವಾಗಿ ಇರುವ ಒಂದು ಮಾತಿನ ತಾತ್ಪರ್ಯವೆಂದರೆ, ಸಂದೇಹ ಬಂದರೆ ಯಾವ ಹೊತ್ತಿನಲ್ಲಾದರೂ ನನ್ನನ್ನು ಎಬ್ಬಿಸು ಎಂಬುದು. ಯೋಚಿಸಿ ನೋಡಿರಿ. ಹಡಗಿನ ಸರ್ವಾಧಿಕಾರಿಯಾದ ಮನುಷ್ಯನು ತನ್ನ ನಿದ್ರೆಯನ್ನು ಕೆಡಿಸುವ ಅಧಿಕಾರವನ್ನು ಇಪ್ಪತ್ತೆರಡು ವರ್ಷದ ತರುಣನ ಕೈಗೆ ಲಿಖಿತವಾಗಿ ಕೊಡುತ್ತಾನೆ. ಎಬ್ಬಿಸಿದುದು ನಿಷ್ಕಾರಣವೆಂದು ಆಮೇಲೆ ತಿಳಿದುಬಂದರೂ ವಿವೇಕಿಯಾದ ಕಪ್ತಾನನು ಗದರಿಸುವುದಿಲ್ಲ. ಗದರಿಸಿದರೆ ಮುಂದಿನ ಸಲ, ನಿಜವಾದ ಅಪಾಯ ಬಂದಾಗ, ಆ ತರುಣನು ಬಾಗಿಲು ತಟ್ಟಲು ಹಿಂಜರಿಯುವನೆಂದು ಅವನಿಗೆ ಗೊತ್ತು.

ಇಲ್ಲಿಯೇ ನಾನು ಖಂಡಿಸಬೇಕಾದ ಒಂದು ವಿಚಾರವಿದೆ. ಹಿರಿಯ ಶಿಕ್ಷಾರ್ಥಿಗಳು ಕಿರಿಯರನ್ನು ಪೀಡಿಸುವುದು, ಅವಮಾನಿಸುವುದು, ನಡುರಾತ್ರಿ ಎಬ್ಬಿಸಿ ಅರ್ಥವಿಲ್ಲದ ಕೆಲಸ ಮಾಡಿಸುವುದು, ಇವೆಲ್ಲ ಹುಡುಗರನ್ನು ಗಟ್ಟಿಗೊಳಿಸುತ್ತವೆ, ಇದೂ ಒಂದು ಬಗೆಯ ತರಬೇತಿಯೇ ಎಂದು ವಾದಿಸುವವರು ವಸತಿ ವಿದ್ಯಾಲಯಗಳ ಸುತ್ತ ಇಂದಿಗೂ ಇದ್ದಾರೆ. ‘ನಾವೂ ಅನುಭವಿಸಿದ್ದೇವೆ, ಅವರೂ ಅನುಭವಿಸಲಿ’ ಎಂಬುದು ಅವರ ತರ್ಕ. ಈ ತರ್ಕವನ್ನು ಕಾನೂನು ಒಪ್ಪುವುದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರಲ್ಲಿ ರ‍್ಯಾಗಿಂಗನ್ನು ನಿಷೇಧಿಸುವ ಕಠಿಣ ನಿಯಮಗಳನ್ನು ಹೊರಡಿಸಿದೆ. ಆದರೆ ಕಾನೂನಿನ ಮಾತನ್ನು ಬದಿಗಿಟ್ಟು, ಸಮುದ್ರದ ದೃಷ್ಟಿಯಿಂದಲೇ ನೋಡೋಣ. ಹಿರಿಯನ ಮುಂದೆ ಬಾಯಿ ತೆರೆದರೆ ಪೆಟ್ಟು ಬೀಳುವುದೆಂದು ಕಲಿತ ಹುಡುಗನು ನಾಳೆ ಹಡಗಿನ ಮೇಲೆ ನಿಂತು, ಎದುರಿನ ಕತ್ತಲೆಯಲ್ಲಿ ದೀಪವಿಲ್ಲದ ಮೀನುಗಾರರ ದೋಣಿಯೊಂದನ್ನು ಕಂಡಾಗ, ‘ಅಧಿಕಾರಿಗಳು ನೋಡಿಯೇ ಇರುವರು, ನಾನೇಕೆ ಹೇಳಲಿ’ ಎಂದು ಸುಮ್ಮನಿದ್ದರೆ ಆಶ್ಚರ್ಯವೇನು? ಅವನಿಗೆ ಮೌನವನ್ನು ಕಲಿಸಿದವರು ಆ ದೋಣಿಯಲ್ಲಿದ್ದವರ ಪ್ರಾಣಕ್ಕೂ ಹೊಣೆಗಾರರಲ್ಲವೆ? ಪೀಡನೆಯಿಂದ ಹುಟ್ಟುವುದು ಧೈರ್ಯವಲ್ಲ. ಬಲ್ಲವರ ಮುಂದೆ ಅಂಜಿಕೆ, ಎಳೆಯರ ಮುಂದೆ ದರ್ಪ.

ನಿದ್ರೆಯನ್ನು ಕೆಡಿಸುವುದು ಗಂಡಸುತನವೆಂದು ತಿಳಿದವರಿಗೆ ಇನ್ನೊಂದು ಮಾತು. ನಾವಿಕರ ದುಡಿಮೆಯ ಬಗೆಗಿನ 2006ರ ಅಂತರರಾಷ್ಟ್ರೀಯ ಒಪ್ಪಂದದಂತೆ, ವಿಶ್ರಾಂತಿಯನ್ನು ಲೆಕ್ಕ ಹಾಕುವ ಹಡಗುಗಳಲ್ಲಿ ನಾವಿಕನಿಗೆ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಕನಿಷ್ಠ 10 ಗಂಟೆಗಳೂ, ವಾರದಲ್ಲಿ 77 ಗಂಟೆಗಳೂ ಬಿಡುವು ದೊರೆಯಬೇಕು. ಭಾರತವು 2015ರಲ್ಲಿ ಈ ಒಪ್ಪಂದವನ್ನು ಅನುಮೋದಿಸಿದೆ. ದಣಿದ ಕಣ್ಣು ಅಪಾಯವನ್ನು ಕಾಣದು ಎಂಬ ಅನುಭವದ ಮೇಲೆ ನಿಂತ ನಿಯಮವಿದು. ತನ್ನ ಕೈಕೆಳಗಿನವರು ಉಂಡರೆ, ಮಲಗಿದರೆ ಎಂದು ವಿಚಾರಿಸುವುದೂ ಹಿರಿತನದ ಕರ್ತವ್ಯವೇ ಹೊರತು ಕರುಣೆಯ ಕೆಲಸವಲ್ಲ.

ಹೀಗೆ ಕಿರಿಯರಿಗೆ ಬಾಯಿ ಕೊಟ್ಟರೆ ಶಿಸ್ತು ಸಡಿಲವಾಗುವುದಿಲ್ಲವೆ, ಬಿರುಗಾಳಿಯ ನಡುವೆ ಚರ್ಚಾಕೂಟ ನಡೆಸಲಾದೀತೆ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರವೂ ಹಡಗಿನಲ್ಲಿಯೇ ಇದೆ. ನಿರ್ಣಯವು ಒಬ್ಬನದು, ಕಣ್ಣುಗಳು ಮಾತ್ರ ಎಲ್ಲರವು. ಕಂಡುದನ್ನು ತಿಳಿಸುವುದು ಕಿರಿಯನ ಧರ್ಮ. ತಿಳಿದ ಮೇಲೆ ನಿರ್ಧರಿಸುವುದು ಹಿರಿಯನ ಧರ್ಮ. ನಿರ್ಧರಿಸಿದ ಮೇಲೆ ಅದನ್ನು ಪೂರ್ಣಮನಸ್ಸಿನಿಂದ ನಡೆಸಿಕೊಡುವುದು ಎಲ್ಲರ ಧರ್ಮ. ವಾದಕ್ಕಾಗಿ ವಾದ ಮಾಡುವವನಿಗೂ, ತನ್ನ ಸಾಹಸವನ್ನು ಮೆರೆಸಲು ಮುನ್ನುಗ್ಗುವವನಿಗೂ ಅಲ್ಲಿ ಸ್ಥಳವಿಲ್ಲ. ಹಡಗಿನ ಮುಚ್ಚಿದ ತೊಟ್ಟಿಯೊಳಗೆ ಪ್ರಾಣವಾಯು ಕಡಿಮೆಯಿರುವುದುಂಟು. ಅದರೊಳಗೆ ಕುಸಿದುಬಿದ್ದ ಗೆಳೆಯನನ್ನು ಎತ್ತಲು ಹಿಂದುಮುಂದು ನೋಡದೆ ಇಳಿದವರು ತಾವೂ ಸತ್ತ ನಿದರ್ಶನಗಳು ಅನೇಕವಾಗಿವೆ. ಅಂಥಲ್ಲಿ ಮೊದಲು ಕೂಗಿ ಎಲ್ಲರಿಗೂ ತಿಳಿಸಿ, ಉಸಿರಾಟದ ಸಲಕರಣೆಯನ್ನು ತರಿಸಿ, ಬಳಿಕವೇ ಇಳಿಯಬೇಕೆಂಬ ಕಟ್ಟಳೆಯಿದೆ. ಗೆಳೆಯನು ಕಣ್ಣೆದುರಿಗೆ ಬಿದ್ದಿರುವಾಗ ಆ ಕಟ್ಟಳೆಯನ್ನು ಪಾಲಿಸುವುದಕ್ಕೆ ಬೇಕಾಗುವ ಎದೆಗಾರಿಕೆ ಸಾಮಾನ್ಯವಾದುದಲ್ಲ. ಶಿಸ್ತು ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ಅರ್ಥವನ್ನು ನಾನು ಕಾಣೆ.

ಪದವಿಯೂ ಮುಂದಾಳುತನವೂ ಒಂದೇ ಅಲ್ಲವೆಂಬುದನ್ನು 2014ರ ಏಪ್ರಿಲ್ 16ರಂದು ದಕ್ಷಿಣ ಕೊರಿಯಾದಲ್ಲಿ ಮುಳುಗಿದ ‘ಸೆವೋಲ್’ ಹಡಗು ಜಗತ್ತಿಗೆ ತೋರಿಸಿತು. ಅದರಲ್ಲಿ ಪ್ರವಾಸ ಹೊರಟಿದ್ದವರಲ್ಲಿ ಹೆಚ್ಚಿನವರು ನಿಮ್ಮ ವಯಸ್ಸಿನ ಶಾಲಾ ವಿದ್ಯಾರ್ಥಿಗಳು. ಹಡಗು ವಾಲುತ್ತಿದ್ದಾಗ, ಇದ್ದಲ್ಲಿಯೇ ಇರಿ ಎಂದು ಅವರಿಗೆ ಮತ್ತೆ ಮತ್ತೆ ಹೇಳಲಾಯಿತು. ಮಕ್ಕಳು ವಿಧೇಯರಾಗಿ ಇದ್ದಲ್ಲಿಯೇ ಇದ್ದರು. ಕಪ್ತಾನನಾದರೋ ಮೊದಲು ಪಾರಾದವರಲ್ಲಿ ಒಬ್ಬನಾದನು. 304 ಜೀವಗಳು ಹೋದುವು. ಅವರಲ್ಲಿ ಸುಮಾರು 250 ಮಂದಿ ವಿದ್ಯಾರ್ಥಿಗಳು. ಅದೇ ಹಡಗಿನ ಕೆಳದರ್ಜೆಯ ನೌಕರಿಯಲ್ಲಿದ್ದ ತರುಣಿಯೊಬ್ಬಳು ಮಕ್ಕಳಿಗೆ ಜೀವರಕ್ಷಕ ಅಂಗಿಗಳನ್ನು ಹಂಚುತ್ತ ಕೊನೆಯವರೆಗೂ ನಿಂತು ಪ್ರಾಣ ಬಿಟ್ಟಳು. ಈ ಇಬ್ಬರಲ್ಲಿ ಮುಂದಾಳು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ಪ್ರತಿಯಾಗಿ ನಮ್ಮ ಪೂರ್ವತೀರದಲ್ಲಿ ನಡೆದ ಒಂದು ಘಟನೆಯನ್ನು ಹೇಳುವುದು ನನಗೆ ಸಂತೋಷದ ವಿಷಯ. 2015ರ ಜೂನ್ ತಿಂಗಳಲ್ಲಿ ಒಡಿಶಾದ ಗೋಪಾಲಪುರದ ಬಳಿ ‘ಸಂಪೂರ್ಣ ಸ್ವರಾಜ್ಯ’ ಎಂಬ ತೈಲದ ಹಡಗು ಸಾಗುತ್ತಿತ್ತು. ಅದರ ಕಪ್ತಾನರು ಕೇರಳದ ರಾಧಿಕಾ ಮೆನನ್. ರೇಡಿಯೋ ಅಧಿಕಾರಿಯಾಗಿ ಹಡಗನ್ನು ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, ಭಾರತದ ವ್ಯಾಪಾರಿ ಹಡಗುಗಳ ಪ್ರಥಮ ಮಹಿಳಾ ಕಪ್ತಾನರಾದವರು. ಬಿರುಗಾಳಿಯಲ್ಲಿ ಎಂಜಿನ್ ಕೆಟ್ಟು, ಲಂಗರು ಕಳೆದುಕೊಂಡು ತೇಲಿಹೋಗುತ್ತಿದ್ದ ‘ದುರ್ಗಮ್ಮ’ ಎಂಬ ಮೀನುಗಾರರ ದೋಣಿಯನ್ನು ಮೊದಲು ಕಂಡವರು ಕಪ್ತಾನರಲ್ಲ. ಹಡಗಿನ ದ್ವಿತೀಯ ಅಧಿಕಾರಿ. ಅವರು ಕಂಡುದನ್ನು ಹೇಳಿದರು; ಕಪ್ತಾನರು ಕೇಳಿದರು; ಕೂಡಲೆ ರಕ್ಷಣೆಗೆ ಆಜ್ಞೆಯಿತ್ತರು. ಅಲೆಗಳು 25 ಅಡಿಗಳಿಗಿಂತಲೂ ಎತ್ತರವಾಗಿ ಏಳುತ್ತಿದ್ದುವು. ಮೂರು ಸಲ ಪ್ರಯತ್ನಿಸಬೇಕಾಯಿತು. ಅನ್ನನೀರುಗಳೆಲ್ಲ ಕೊಚ್ಚಿಹೋಗಿ, ಮೀನಿಗಾಗಿ ಇಟ್ಟಿದ್ದ ಮಂಜುಗಡ್ಡೆಯಿಂದ ಜೀವ ಹಿಡಿದುಕೊಂಡಿದ್ದ ಏಳು ಮಂದಿಯೂ ಬದುಕಿದರು. ಅವರಲ್ಲಿ ಕಿರಿಯವನ ವಯಸ್ಸು 15. ಮನೆಯವರು ಅವರ ಆಸೆಯನ್ನೇ ಬಿಟ್ಟಿದ್ದರು. ಅಂತರರಾಷ್ಟ್ರೀಯ ಸಾಗರ ಸಂಸ್ಥೆಯು 2016ರಲ್ಲಿ ಕಪ್ತಾನ ಮೆನನ್ನರಿಗೆ ಅಸಾಧಾರಣ ಶೌರ್ಯದ ಪ್ರಶಸ್ತಿಯನ್ನಿತ್ತು ಗೌರವಿಸಿತು; ಆ ಪ್ರಶಸ್ತಿಯನ್ನು ಪಡೆದ ಪ್ರಥಮ ಮಹಿಳೆ ಅವರೇ. ಕಲಕತ್ತೆಯ ವಿದ್ಯಾಲಯದಲ್ಲಿ ಕಲಿತು 1999ರಲ್ಲಿ ಭಾರತದ ಪ್ರಥಮ ಮಹಿಳಾ ಮರೀನ್ ಎಂಜಿನಿಯರಾಗಿ ಹೊರಬಂದ ಸೋನಾಲಿ ಬ್ಯಾನರ್ಜಿಯವರ ಹೆಸರನ್ನೂ ನಮ್ಮ ವಿದ್ಯಾರ್ಥಿನಿಯರು ನೆನಪಿಡಬೇಕು.

ಇನ್ನು ನಮ್ಮ ಮಾತಿಗೆ ಬರೋಣ. ಕನ್ನಡ ಮಾಧ್ಯಮದಲ್ಲಿ ಕಲಿಯುವ ನಮಗೆ ಸಮುದ್ರವು ಅಪರಿಚಿತವಲ್ಲ. ನಮ್ಮಲ್ಲಿ ಅನೇಕರ ಅಜ್ಜಂದಿರು ಮಂಗಳೂರಿನ ಕಡೆಯಿಂದ ಹಡಗು ಹತ್ತಿಯೇ ಈ ನಗರಕ್ಕೆ ಬಂದವರು. ಹಗಲು ಹೋಟೆಲುಗಳಲ್ಲಿ ದುಡಿದು, ಇರುಳು ಶಾಲೆಗಳಲ್ಲಿ ಕಲಿತವರು. ಕರಾವಳಿಯ ಮೀನುಗಾರಿಕೆಯ ದೋಣಿಯಲ್ಲಿ ತಾಂಡೇಲನ ಮಾತೇ ಮಾತು. ಆದರೆ ನೀರಿನ ಬಣ್ಣ ಬದಲಾದುದನ್ನು ಮೊದಲು ಕಂಡ ಹುಡುಗನು ಕೂಗಿ ಹೇಳಿದರೆ ಯಾವ ಒಳ್ಳೆಯ ತಾಂಡೇಲನೂ ಅವನ ಬಾಯಿ ಮುಚ್ಚಿಸುವುದಿಲ್ಲ. ಈ ವಿದ್ಯೆ ನಮ್ಮವರಲ್ಲಿ ಇದ್ದೇ ಇದೆ.

ಆದರೆ ನಗರದ ಕನ್ನಡ ಶಾಲೆಯ ಮಕ್ಕಳಲ್ಲಿ ಒಂದು ದೌರ್ಬಲ್ಯವನ್ನು ನಾವು ಆಗಾಗ ಕಾಣುತ್ತೇವೆ. ಉತ್ತರ ಗೊತ್ತಿದ್ದರೂ, ಇಂಗ್ಲಿಷಿನಲ್ಲಿ ಹೇಳಲು ತಡವರಿಸಿದರೆ ನಕ್ಕಾರೆಂಬ ಸಂಕೋಚದಿಂದ ಅವರು ಬಾಯಿ ಬಿಡುವುದಿಲ್ಲ. ಕಾಲೇಜಿಗೆ ಹೋದ ಮೇಲಂತೂ ಹಿಂದಿನ ಬೆಂಚನ್ನು ಹುಡುಕುವರು. ಹಡಗಿನ ವಿದ್ಯಾಲಯವನ್ನು ಸೇರಬೇಕೆನ್ನುವವರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿಯೂ ಇಂಗ್ಲಿಷಿನಲ್ಲಿಯೂ ಒಳ್ಳೆಯ ಅಂಕಗಳು ಬೇಕು, ಕಣ್ಣಿನ ದೃಷ್ಟಿ ಚೆನ್ನಾಗಿರಬೇಕು ಎಂಬುದು ನಿಜ. ಇಂಗ್ಲಿಷನ್ನು ಶ್ರದ್ಧೆಯಿಂದ ಕಲಿಯಿರಿ. ಆದರೆ ಸಮುದ್ರದ ಮೇಲೆ ಬೇಕಾಗಿರುವುದು ಅಲಂಕಾರದ ಇಂಗ್ಲಿಷಲ್ಲವೆಂಬುದನ್ನೂ ತಿಳಿಯಿರಿ. ಒಂದೇ ಹಡಗಿನಲ್ಲಿ ಹಲವು ದೇಶಗಳ ಜನರು ದುಡಿಯುವುದರಿಂದ, ಅಂತರರಾಷ್ಟ್ರೀಯ ಸಾಗರ ಸಂಸ್ಥೆಯು 2001ರಲ್ಲಿ ಸಣ್ಣ ಸಣ್ಣ ಸರಳ ವಾಕ್ಯಗಳ ಒಂದು ಸಂಗ್ರಹವನ್ನೇ ಅಂಗೀಕರಿಸಿತು. ಉಚ್ಚಾರಣೆಯ ಬೆಡಗಿಗಿಂತ ಅರ್ಥದ ನಿಶ್ಚಯ ಅಲ್ಲಿ ಮುಖ್ಯ. ತಪ್ಪು ವ್ಯಾಕರಣದಿಂದ ಹಡಗು ಮುಳುಗುವುದಿಲ್ಲ. ಹೇಳದೆ ಉಳಿದ ಮಾತಿನಿಂದ ಮುಳುಗುತ್ತದೆ. ಗೊತ್ತಿದ್ದುದನ್ನು ಮೊದಲು ನಿಮ್ಮ ಕನ್ನಡದಲ್ಲಿ ಅಂಜದೆ ಸ್ಪಷ್ಟವಾಗಿ ಹೇಳಲು ಕಲಿತವರಿಗೆ ಎರಡನೆಯ ಭಾಷೆಯಲ್ಲಿ ಹೇಳುವುದು ಕಾಲಕ್ರಮದಲ್ಲಿ ಬಂದೇ ಬರುತ್ತದೆ.

ನಮ್ಮ ಶಾಲೆಗಳೂ ಈ ದೃಷ್ಟಿಯಿಂದ ಸ್ವಲ್ಪ ಆತ್ಮಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. ತರಗತಿಯ ಮಾನಿಟರನೆಂದರೆ ಗಲಾಟೆ ಮಾಡಿದವರ ಹೆಸರನ್ನು ಹಲಗೆಯ ಮೇಲೆ ಬರೆಯುವವನು ಎಂಬ ಕಲ್ಪನೆ ಹೋಗಬೇಕು. ಆ ಸ್ಥಾನವು ತಿಂಗಳಿಗೊಬ್ಬರಂತೆ ಸರದಿಯ ಮೇಲೆ ಎಲ್ಲರಿಗೂ ಬರಲಿ; ಪ್ರಯೋಗಶಾಲೆಯ ಸಾಮಾನು, ವಾಚನಾಲಯದ ಪುಸ್ತಕ, ಕುಡಿಯುವ ನೀರಿನ ತೊಟ್ಟಿ, ಇವುಗಳಲ್ಲಿ ಒಂದೊಂದರ ಹೊಣೆಯನ್ನು ಒಬ್ಬೊಬ್ಬರಿಗೆ ವಹಿಸಿ ಲೆಕ್ಕ ಕೇಳಲಿ. ಎನ್.ಸಿ.ಸಿ.ಯ ನೌಕಾ ವಿಭಾಗಕ್ಕೆ ಸೇರಲು ಅವಕಾಶವಿರುವವರು ಅದನ್ನು ಬಿಡದಿರಲಿ. ಎಲ್ಲಕ್ಕಿಂತ ಮಿಗಿಲಾಗಿ, ಗುರುಗಳು ಹಲಗೆಯ ಮೇಲೆ ಬರೆದ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದ್ದರೆ, ಎದ್ದು ನಿಂತು, ವಿನಯದಿಂದ, ‘ಸರ್, ಅಲ್ಲಿ ಏಳು ಆಗಬೇಕಲ್ಲವೆ?’ ಎಂದು ಕೇಳುವ ವಿದ್ಯಾರ್ಥಿಯನ್ನು ಗುರುಗಳು ಮೆಚ್ಚಿಕೊಳ್ಳಲಿ. ಆ ಒಂದು ಮೆಚ್ಚುಗೆಯು ಮುಂದಾಳುತನದ ಮೇಲಿನ ಹತ್ತು ಭಾಷಣಗಳಿಗಿಂತ ಹೆಚ್ಚಿನ ಕೆಲಸವನ್ನು ಮಾಡುವುದು.

‘ಮುಂದಾಳು’ ಎಂಬ ನಮ್ಮ ಮಾತನ್ನು ಬಿಡಿಸಿ ನೋಡಿದರೆ, ಮುಂದೆ ನಿಂತಿರುವ ಆಳು ಎಂದೇ ಅರ್ಥವಾಗುತ್ತದೆ. ಅವನೂ ದುಡಿಯುವವನೇ, ಮುಂದೆ ನಿಂತಿರುವುದರಿಂದ ಬರಲಿರುವುದು ಅವನಿಗೆ ಮೊದಲು ಕಾಣಬೇಕು, ಕಂಡುದನ್ನು ಹಿಂದಿರುವವರಿಗೆ ಅವನು ತಿಳಿಸಬೇಕು, ಹಿಂದಿನವರು ಕೂಗಿ ಹೇಳಿದುದಕ್ಕೆ ಅವನು ಕಿವಿಗೊಡಬೇಕು. ನಮ್ಮ ಶಾಲೆಯಿಂದ ಹೊರಡುವ ಹುಡುಗರೂ ಹುಡುಗಿಯರೂ ಕರಾವೆಯ ವಿದ್ಯಾಲಯಕ್ಕೇ ಹೋಗಲಿ, ಕಚೇರಿಗೋ ಕಾರಖಾನೆಗೋ ಅಂಗಡಿಗೋ ಹೋಗಲಿ, ಈ ಅರ್ಥದಲ್ಲಿ ಮುಂದಾಳುಗಳಾಗಲೆಂದು ಹಾರೈಸುತ್ತೇನೆ.